ನರಮಾರ್ಗಗಳನ್ನು ಬರೆದು ಕಲಿಯುವ ಬಗೆ: ಮಿದುಳಿನ ಹೊರಪದರದಿಂದ ಬೆನ್ನುಹುರಿಯವರೆಗೆ

ವೈದ್ಯಕೀಯ, ನರ್ಸಿಂಗ್ ಅಥವಾ ಫಿಸಿಯೋಥೆರಪಿ ಓದುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ನರಮಾರ್ಗಗಳನ್ನು ಕೋಷ್ಟಕದ ರೂಪದಲ್ಲಿ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಕೆಲವೇ ದಿನಗಳಲ್ಲಿ ಮರೆತೂ ಬಿಡುತ್ತಾರೆ. ಕೋಷ್ಟಕದಲ್ಲಿ ಹೆಸರುಗಳಿರುತ್ತವೆಯೇ ಹೊರತು ದಾರಿ ಇರುವುದಿಲ್ಲ. ದಾರಿಯನ್ನು ತಿಳಿಯಬೇಕಾದರೆ ಅದನ್ನು ಕೈಯಿಂದ ಬರೆಯಬೇಕು, ಅದೂ ನರಸಂದೇಶ ಸಾಗುವ ದಿಕ್ಕಿನಲ್ಲಿಯೇ ಬರೆಯಬೇಕು. ಚಲನೆಯ ಒಂದು ಮಾರ್ಗವನ್ನೂ ಸಂವೇದನೆಯ ಎರಡು ಮಾರ್ಗಗಳನ್ನೂ ಒಂದೇ ದೊಡ್ಡ ಹಾಳೆಯ ಮೇಲೆ ಬಿಡಿಸಿ, ಆ ಚಿತ್ರವನ್ನು ಮುಂದಿಟ್ಟುಕೊಂಡು ರೋಗಿಯ ತೊಂದರೆ ನರವ್ಯೂಹದ ಯಾವ ಮಟ್ಟದಲ್ಲಿದೆ ಎಂದು ಗುರುತಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪ್ರತಿಯೊಂದು ಮಾರ್ಗವನ್ನು ಬರೆಯುವಾಗಲೂ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು. ನರಕೋಶಗಳ ಕಾಯಗಳು ಎಲ್ಲೆಲ್ಲಿವೆ? ಮಾರ್ಗವು ನಡುಗೆರೆಯನ್ನು ಎಲ್ಲಿ ದಾಟುತ್ತದೆ? ಅಡ್ಡಸೀಳಿನಲ್ಲಿ ಅದರ ಜಾಗ ಯಾವುದು? ಮೂರರಲ್ಲಿ ಎರಡನೆಯ ಪ್ರಶ್ನೆಯ ಉತ್ತರ ಗಟ್ಟಿಯಾಗಿ ಗೊತ್ತಿದ್ದವರಿಗೆ ಉಳಿದದ್ದನ್ನು ಊಹಿಸುವುದೂ ಕಷ್ಟವಾಗುವುದಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹಾಳೆಯನ್ನು ಸಿದ್ಧಪಡಿಸುವುದು

ಎ3 ಅಳತೆಯ ಬಿಳಿ ಹಾಳೆ, ಪೆನ್ಸಿಲ್, ಕೆಂಪು, ನೀಲಿ ಮತ್ತು ಹಸಿರು ಬಣ್ಣದ ಪೆನ್ನುಗಳು ಸಾಕು. ಹಾಳೆಯ ನಡುವೆ ಮೇಲಿನಿಂದ ಕೆಳಗೆ ಚುಕ್ಕೆಗೆರೆ ಎಳೆಯಿರಿ. ಇದು ದೇಹದ ನಡುಗೆರೆ. ಅದರ ಮೇಲೆ, ಮೇಲಿನಿಂದ ಕೆಳಕ್ಕೆ, ಎಂಟು ಮಟ್ಟಗಳಿಗೆ ಜಾಗ ಬಿಡಿ: ಮಿದುಳಿನ ಹೊರಪದರ, ಥಲಾಮಸ್ (ಸಂವೇದನೆಗಳು ಹೊರಪದರಕ್ಕೆ ಹೋಗುವ ಮೊದಲು ತಲುಪುವ ಕೇಂದ್ರ) ಮತ್ತು ಇಂಟರ್ನಲ್ ಕ್ಯಾಪ್ಸೂಲ್ (ನರತಂತುಗಳು ಒತ್ತಾಗಿ ಸಾಗುವ ಓಣಿ) ಇರುವ ಮಟ್ಟ, ಮಿಡ್‌ಬ್ರೈನ್, ಪಾನ್ಸ್, ಮೆಡುಲ್ಲಾದ ಮೇಲ್ಭಾಗ, ಮೆಡುಲ್ಲಾದ ಕೆಳಭಾಗ (ಮಿಡ್‌ಬ್ರೈನ್‌ನಿಂದ ಮೆಡುಲ್ಲಾದವರೆಗಿನದೇ ಮಿದುಳುಕಾಂಡ), ಕುತ್ತಿಗೆಯ ಮಟ್ಟದ ಬೆನ್ನುಹುರಿ, ಸೊಂಟದ ಮಟ್ಟದ ಬೆನ್ನುಹುರಿ. ಮೆಡುಲ್ಲಾಕ್ಕೆ ಎರಡು ಮಟ್ಟಗಳನ್ನು ಕೊಟ್ಟಿರುವುದಕ್ಕೆ ಕಾರಣ ಮುಂದೆ ತಿಳಿಯುತ್ತದೆ. ಜಾಗ ಉಳಿಸಲು ಅವೆರಡನ್ನು ಒಂದುಗೂಡಿಸಬೇಡಿ.

ಬರೆಯಲು ಶುರುಮಾಡುವ ಮೊದಲೇ ದಿಕ್ಕುಗಳನ್ನು ನಿರ್ಧರಿಸಿ ಹಾಳೆಯ ಅಂಚಿನಲ್ಲಿ ಬರೆದಿಡಬೇಕು. ಎಂಆರ್‌ಐ ಮತ್ತು ಸಿಟಿ ಚಿತ್ರಗಳಲ್ಲಿ ರೋಗಿಯ ಬಲಭಾಗ ನೋಡುವವರ ಎಡಕ್ಕೆ ಬರುತ್ತದೆ. ನಿಮ್ಮ ಹಾಳೆಯಲ್ಲಿಯೂ ಅದನ್ನೇ ಪಾಲಿಸಿದರೆ ಮುಂದೆ ಸ್ಕ್ಯಾನ್ ಓದುವಾಗ ಗೊಂದಲ ತಪ್ಪುತ್ತದೆ. ಇನ್ನೊಂದು ತೊಡಕೂ ಇದೆ. ಅಂಗರಚನಾಶಾಸ್ತ್ರದ ಪಠ್ಯಗಳು ಮಿದುಳುಕಾಂಡದ ಅಡ್ಡಸೀಳುಗಳನ್ನು ಸಾಮಾನ್ಯವಾಗಿ ದೇಹದ ಮುಂಭಾಗ ಕೆಳಗೆ ಬರುವಂತೆ ಅಚ್ಚು ಹಾಕುತ್ತವೆ, ಸ್ಕ್ಯಾನ್‌ಗಳಲ್ಲಿ ಮುಂಭಾಗ ಮೇಲೆ ಇರುತ್ತದೆ. ಒಂದೇ ಮೆಡುಲ್ಲಾ ಎರಡು ಕಡೆ ತಲೆಕೆಳಗಾಗಿ ಕಾಣುವುದಕ್ಕೆ ಇದೇ ಕಾರಣ.

ಹೊರಪದರವನ್ನು ಗುರುತಿಸುವುದು

ಮಹಾಮಸ್ತಿಷ್ಕದ ಹೊರಪದರವಾದ ಕಾರ್ಟೆಕ್ಸ್ ಸುಮಾರು 2ರಿಂದ 4 ಮಿಲಿಮೀಟರ್ ದಪ್ಪದ ಬೂದುದ್ರವ್ಯ, ಅಂದರೆ ನರಕೋಶಗಳ ಕಾಯಗಳು ತುಂಬಿರುವ ಭಾಗ. ಬಿಡಿಸಿ ಹರಡಿದರೆ ಅದು ದಿನಪತ್ರಿಕೆಯ ಒಂದು ಪುಟದಷ್ಟೋ ತುಸು ಹೆಚ್ಚೋ ಜಾಗ ಹಿಡಿಯುತ್ತದೆ. ತಲೆಬುರುಡೆಯೊಳಗೆ ಅದು ಮಡಿಕೆ ಮಡಿಕೆಯಾಗಿ ಕುಳಿತಿರುವುದರಿಂದ ಮೂರರಲ್ಲಿ ಎರಡು ಪಾಲು ಸೀಳುಗಳ ಒಳಗೆ ಅಡಗಿರುತ್ತದೆ. ಮಿದುಳಿನ ಒಟ್ಟು ಸುಮಾರು 8,600 ಕೋಟಿ ನರಕೋಶಗಳಲ್ಲಿ ಸುಮಾರು 1,600 ಕೋಟಿ ಮಾತ್ರ ಇಲ್ಲಿವೆ. ಉಳಿದವುಗಳಲ್ಲಿ ಬಹುಪಾಲು ಇರುವುದು ಕಿರುಮಿದುಳಿನಲ್ಲಿ.

ಸೂಕ್ಷ್ಮದರ್ಶಕದಲ್ಲಿ ಕಾರ್ಟೆಕ್ಸಿನ ಹೆಚ್ಚಿನ ಭಾಗ ಆರು ಪದರಗಳಾಗಿ ಕಾಣುತ್ತದೆ. ಆರನ್ನೂ ಹೆಸರಿಸಿ ಕಲಿಯುವ ಹಟ ಈ ಕೆಲಸಕ್ಕೆ ಬೇಕಿಲ್ಲ. ನಾಲ್ಕನೆಯ ಪದರಕ್ಕೆ ಥಲಾಮಸಿನಿಂದ ಸಂದೇಶ ಬರುತ್ತದೆ, ಐದನೆಯ ಪದರದಿಂದ ಬೆನ್ನುಹುರಿ ಮತ್ತು ಮಿದುಳುಕಾಂಡಕ್ಕೆ ಸಂದೇಶ ಹೊರಡುತ್ತದೆ ಎಂಬ ಎರಡು ಸಂಗತಿಗಳು ಸಾಕು. ಸಂವೇದನೆಯ ಕಾರ್ಟೆಕ್ಸಿನಲ್ಲಿ ನಾಲ್ಕನೆಯ ಪದರ ದಟ್ಟವಾಗಿದೆ, ಚಲನೆಯ ಕಾರ್ಟೆಕ್ಸಿನಲ್ಲಿ ಐದನೆಯದು ದಪ್ಪವಾಗಿದೆ. ಪದರಗಳ ಇಂಥ ವ್ಯತ್ಯಾಸಗಳನ್ನೇ ಆಧರಿಸಿ ಜರ್ಮನಿಯ ಕಾರ್ಬಿನಿಯನ್ ಬ್ರಾಡ್‌ಮನ್ 1909ರಲ್ಲಿ ಕಾರ್ಟೆಕ್ಸನ್ನು ಕ್ಷೇತ್ರಗಳಾಗಿ ವಿಂಗಡಿಸಿ ಸಂಖ್ಯೆ ಕೊಟ್ಟರು. ಆ ಸಂಖ್ಯೆಗಳಲ್ಲಿ ನಮಗೆ ಬೇಕಾದವು ಕೆಲವೇ: 4 ಎಂದರೆ ಪ್ರಾಥಮಿಕ ಚಲನಕ್ಷೇತ್ರ, ಅದರ ಮುಂದಿನ 6 ಎಂದರೆ ಚಲನೆಯನ್ನು ಯೋಜಿಸುವ ಪ್ರದೇಶ, ಹಿಂದಿನ 3, 1, 2 ಎಂದರೆ ಪ್ರಾಥಮಿಕ ಸಂವೇದನಾಕ್ಷೇತ್ರ.

ಈ ಎರಡು ಕ್ಷೇತ್ರಗಳ ನಡುವಿನ ಗಡಿಯೇ ಸೆಂಟ್ರಲ್ ಸಲ್ಕಸ್. ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದಾಗ ಹೊಸಬರು ಮೊದಲು ತಡವರಿಸುವುದು ಈ ಸೀಳನ್ನು ಹುಡುಕುವಾಗಲೇ, ಏಕೆಂದರೆ ಪುಸ್ತಕದ ಚಿತ್ರದಲ್ಲಿ ಇರುವಷ್ಟು ಅಚ್ಚುಕಟ್ಟಾಗಿ ಅದು ಎಲ್ಲಿಯೂ ಕಾಣುವುದಿಲ್ಲ. ಮುಂದಿನ ತುದಿಗೂ ಹಿಂದಿನ ತುದಿಗೂ ನಡುಬಿಂದುವನ್ನು ಮೇಲಂಚಿನಲ್ಲಿ ಗುರುತಿಸಿ, ಅಲ್ಲಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದಕ್ಕೆ ಬೆರಳಿಡಿ. ಅಲ್ಲಿಂದ ಕೆಳಕ್ಕೂ ಮುಂದಕ್ಕೂ ಓರೆಯಾಗಿ ಇಳಿಯುವ, ಎರಡು ಪಕ್ಕದಲ್ಲಿಯೂ ಉದ್ದನೆಯ ಸಮಾನಾಂತರ ಮಡಿಕೆಗಳಿರುವ ಸೀಳನ್ನು ಹುಡುಕಿ. ಅದು ಕೆಳಗಿನ ಲ್ಯಾಟರಲ್ ಸಲ್ಕಸನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅನುಮಾನ ಉಳಿದರೆ ಮಿದುಳನ್ನು ತಿರುಗಿಸಿ ಒಳಮೈ ನೋಡಿ: ಸಿಂಗ್ಯುಲೇಟ್ ಸಲ್ಕಸ್ ಹಿಂದಕ್ಕೆ ಸಾಗಿ ಮೇಲಂಚಿನ ಕಡೆಗೆ ತಿರುಗುವ ಜಾಗದ ಸ್ವಲ್ಪ ಮುಂದೆಯೇ ಸೆಂಟ್ರಲ್ ಸಲ್ಕಸ್ ಅಂಚನ್ನು ಕತ್ತರಿಸಿರುತ್ತದೆ. ಅಡ್ಡಲಾಗಿ ಕೊಯ್ದ ಮಿದುಳಿನಲ್ಲಿ ಇನ್ನೊಂದು ಗುರುತು ಸಿಗುತ್ತದೆ. ಈ ಸೀಳಿನ ಮುಂದಿನ ಗೋಡೆಯ ಬೂದುದ್ರವ್ಯ ಹಿಂದಿನ ಗೋಡೆಯದಕ್ಕಿಂತ ಎದ್ದು ಕಾಣುವಷ್ಟು ದಪ್ಪ. ಎಂಆರ್‌ಐಯಲ್ಲಾದರೆ, ಮೇಲ್ಭಾಗದ ಅಡ್ಡಚಿತ್ರದಲ್ಲಿ ಮುಂದಿನ ಮಡಿಕೆಯ ಒಂದು ಗುಂಡನೆಯ ಉಬ್ಬು ಹಿಂದಕ್ಕೆ ಚಾಚಿಕೊಂಡಿರುತ್ತದೆ. ಅದು ಕೈಯ ಚಲನಕ್ಷೇತ್ರ. ಬೆಂಗಳೂರಿನಲ್ಲಿರುವವರು ನಿಮ್ಹಾನ್ಸ್‌ನ ಮಿದುಳಿನ ವಸ್ತುಸಂಗ್ರಹಾಲಯಕ್ಕೆ ಹೋದರೆ ಸಂರಕ್ಷಿಸಿದ ನಿಜವಾದ ಮಿದುಳುಗಳನ್ನು ಹತ್ತಿರದಿಂದ ನೋಡಬಹುದು. ಪ್ಲಾಸ್ಟಿಕ್ ಮಾದರಿಯ ಮುಂದೆ ಕಳೆಯುವ ಹೊತ್ತಿಗಿಂತ ಅದು ಹೆಚ್ಚು ಕಲಿಸುತ್ತದೆ.

ಈಗ ಹಾಳೆಯ ಮೊದಲ ಮಟ್ಟದಲ್ಲಿ ಎರಡು ಅರ್ಧಗೋಳಗಳ ಎದುರುಸೀಳನ್ನು (ಕಿವಿಯಿಂದ ಕಿವಿಗೆ ನೇರ ಕೆಳಕ್ಕೆ ಕೊಯ್ದಾಗ ಕಾಣುವ ಮುಖ) ಬಿಡಿಸಿ, ಒಂದು ಪಕ್ಕದ ಅಂಚಿನಗುಂಟ ದೇಹವನ್ನು ಬರೆಯಿರಿ. ಪಾದ ಮತ್ತು ಕಾಲು ಒಳಮೈಯಲ್ಲಿ, ಮುಂಡ ಮೇಲಂಚಿನಲ್ಲಿ, ತೋಳು ಮತ್ತು ಕೈ ಹೊರಮೈಯ ನಡುವೆ, ಮುಖ ಮತ್ತು ನಾಲಗೆ ಕೆಳಗೆ ಲ್ಯಾಟರಲ್ ಸಲ್ಕಸಿನ ಹತ್ತಿರ. ಮಿದುಳಿಗೆ ವಿದ್ಯುತ್ ತಾಗಿಸಿದರೆ ಎದುರು ಪಕ್ಕದ ಅಂಗ ಚಲಿಸುತ್ತದೆಂದು ಫ್ರಿಟ್ಶ್ ಮತ್ತು ಹಿಟ್ಸಿಗ್ ಬರ್ಲಿನ್ನಿನಲ್ಲಿ ನಾಯಿಗಳ ಮೇಲೆ ತೋರಿಸಿದ್ದು 1870ರಲ್ಲಿ. ಮನುಷ್ಯರಲ್ಲಿ ಈ ನಕ್ಷೆಯನ್ನು ಮಾಂಟ್ರಿಯಲ್‌ನ ಪೆನ್‌ಫೀಲ್ಡ್ ಮತ್ತು ಬೋಲ್ಡ್‌ರೀ, ಎಚ್ಚರವಾಗಿದ್ದ ರೋಗಿಗಳ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಗುರುತಿಸಿ 1937ರಲ್ಲಿ ಪ್ರಕಟಿಸಿದರು. ಕೈಬೆರಳು, ತುಟಿ ಮತ್ತು ನಾಲಗೆಗೆ ಮೀಸಲಾದ ಜಾಗ ಅವುಗಳ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದು, ಬೆನ್ನಿಗೆ ಸಿಕ್ಕಿರುವುದು ತೀರ ಕಡಿಮೆ. ಚಲನಕ್ಷೇತ್ರದ ನಕ್ಷೆ ಪಠ್ಯಗಳಲ್ಲಿ ಇರುವಷ್ಟು ನೇರವಲ್ಲ ಎನ್ನುವುದೂ ನೆನಪಿರಲಿ. ಕಾಲು, ಕೈ, ಮುಖದ ಪ್ರದೇಶಗಳ ನಡುನಡುವೆ ಇಡೀ ದೇಹದ ಕ್ರಿಯೆಯನ್ನು ಹೊಂದಿಸುವ ಬೇರೆ ತುಣುಕುಗಳಿವೆ ಎಂದು 2023ರಲ್ಲಿ ಪ್ರಕಟವಾದ ಎಂಆರ್‌ಐ ಅಧ್ಯಯನವೊಂದು ತೋರಿಸಿತು. ರೋಗದ ಸ್ಥಾನ ಗುರುತಿಸಲು ಹಳೆಯ ನಕ್ಷೆ ಇಂದಿಗೂ ಸಾಕು.

ನಕ್ಷೆಯ ಮೇಲೆ ರಕ್ತನಾಳಗಳನ್ನೂ ಗುರುತು ಹಾಕಿಕೊಳ್ಳಿ. ಒಳಮೈಗೆ, ಅಂದರೆ ಕಾಲಿನ ಪ್ರದೇಶಕ್ಕೆ, ರಕ್ತ ಕೊಡುವುದು ಆಂಟೀರಿಯರ್ ಸೆರೆಬ್ರಲ್ ಆರ್ಟರಿ. ಹೊರಮೈಯ ಕೈ ಮತ್ತು ಮುಖದ ಪ್ರದೇಶಗಳಿಗೆ ಮಿಡಲ್ ಸೆರೆಬ್ರಲ್ ಆರ್ಟರಿ. ಲಕ್ವ ಹೊಡೆದವರಲ್ಲಿ ಕೆಲವರಿಗೆ ಕಾಲಿನ ಬಲ ಹೆಚ್ಚು ಕುಂದಿ, ಕೆಲವರಿಗೆ ಕೈ ಮತ್ತು ಮುಖ ಹೆಚ್ಚು ಸೋತಿರುವುದಕ್ಕೆ ಕಾರಣ ಇದೇ ಚಿತ್ರದಲ್ಲಿದೆ.

ಕೆಂಪು ಗೆರೆ: ಚಲನೆಯ ಮಾರ್ಗ

ಕೆಂಪು ಪೆನ್ನನ್ನು ರೋಗಿಯ ಎಡ ಅರ್ಧಗೋಳದ ಕೈಯ ಪ್ರದೇಶದ ಮೇಲಿಡಿ. ಇಲ್ಲಿಂದ ಹೊರಡುವುದು ಕಾರ್ಟಿಕೋಸ್ಪೈನಲ್ ಮಾರ್ಗ. ಕೀವ್ ನಗರದ ವ್ಲಾದಿಮಿರ್ ಬೆಟ್ಸ್ 1874ರಲ್ಲಿ ವರ್ಣಿಸಿದ ದೈತ್ಯ ನರಕೋಶಗಳು ಇರುವುದು ಈ ಕ್ಷೇತ್ರದ ಐದನೆಯ ಪದರದಲ್ಲಿ. ಇಡೀ ಮಾರ್ಗ ಅವುಗಳಿಂದಲೇ ಆಗಿದೆ ಎಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಅವುಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ. ಮಾರ್ಗದ ತಂತುಗಳು ಕ್ಷೇತ್ರ 4ರಿಂದ, ಕ್ಷೇತ್ರ 6ರಿಂದ ಮತ್ತು ಸೆಂಟ್ರಲ್ ಸಲ್ಕಸಿನ ಹಿಂದಿನ ಸಂವೇದನಾಕ್ಷೇತ್ರದಿಂದಲೂ ಹೊರಡುತ್ತವೆ.

ಗೆರೆಯನ್ನು ಕೆಳಗೆ ಎಳೆಯುತ್ತ ಇಂಟರ್ನಲ್ ಕ್ಯಾಪ್ಸೂಲಿನ ಹಿಂದಿನ ತೋಳಿನೊಳಗೆ ತನ್ನಿ. ಹೊರಪದರದಲ್ಲಿ ಅಗಲವಾಗಿ ಹರಡಿದ್ದ ತಂತುಗಳು ಇಲ್ಲಿ, ಥಲಾಮಸ್ ಮತ್ತು ಲೆಂಟಿಫಾರ್ಮ್ ನ್ಯೂಕ್ಲಿಯಸ್ (ಮಿದುಳಿನ ಆಳದ ಒಂದು ನರಕೋಶಗಳ ಗುಂಪು) ನಡುವಿನ ಕಿರಿದಾದ ಓಣಿಯಲ್ಲಿ, ಒತ್ತಾಗಿ ಸೇರುತ್ತವೆ. ಕಾರ್ಟೆಕ್ಸಿನಲ್ಲಿ ಒಂದು ಸೆಂಟಿಮೀಟರ್ ಹಾನಿಯಾದರೆ ಬೆರಳುಗಳಷ್ಟೇ ಸೋಲಬಹುದು. ಇಲ್ಲಿ ಅಷ್ಟೇ ಹಾನಿಯಾದರೆ ಎದುರು ಪಕ್ಕದ ಮುಖ, ಕೈ, ಕಾಲು ಮೂರೂ ಹೆಚ್ಚುಕಡಿಮೆ ಸಮನಾಗಿ ಸೋಲುತ್ತವೆ. ದೀರ್ಘಕಾಲದ ರಕ್ತದೊತ್ತಡದಿಂದ ಹಾಳಾಗುವ ಸಣ್ಣ ಒಳನಾಳಗಳು ಈ ಜಾಗಕ್ಕೇ ರಕ್ತ ಕೊಡುತ್ತವೆ. ಆದ್ದರಿಂದ ಮಾತು, ದೃಷ್ಟಿ, ಸಂವೇದನೆ ಯಾವುದೂ ಕೆಡದೆ ಅರ್ಧ ದೇಹದ ಬಲ ಮಾತ್ರ ಪೂರ್ತಿ ಹೋಗಿರುವ ರೋಗಿಯನ್ನು ಕಂಡಾಗ ಮೊದಲು ನೆನೆಯಬೇಕಾದ ಸ್ಥಳಗಳಲ್ಲಿ ಇದು ಒಂದು. ಪಾನ್ಸ್‌ನ ಮುಂಭಾಗ ಇನ್ನೊಂದು.

ಮಿಡ್‌ಬ್ರೈನ್‌ನಲ್ಲಿ ಗೆರೆ ಮುಂಭಾಗದ ಕಂಬದ ನಡುವೆ ಸಾಗುತ್ತದೆ. ಕಣ್ಣನ್ನು ಚಲಿಸುವ ಮೂರನೆಯ ಕಪಾಲನರ (ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲೊಂದು) ಅದರ ಪಕ್ಕದಲ್ಲೇ ಹೊರಬೀಳುವುದನ್ನು ಚುಕ್ಕೆಯಿಂದ ತೋರಿಸಿ. ಪಾನ್ಸ್‌ನಲ್ಲಿ ಅದು ಚದುರಿದ ಕಟ್ಟುಗಳಾಗಿ ಇಳಿಯುತ್ತದೆ, ಮೆಡುಲ್ಲಾದ ಮೇಲ್ಭಾಗದಲ್ಲಿ ಮತ್ತೆ ಒಂದುಗೂಡಿ ಮುಂಭಾಗದಲ್ಲಿ ಪಿರಮಿಡ್ ಎಂಬ ಉಬ್ಬಾಗುತ್ತದೆ. ಪ್ರತಿ ಪಿರಮಿಡ್ಡಿನಲ್ಲಿ ಸುಮಾರು ಹತ್ತು ಲಕ್ಷ ತಂತುಗಳಿವೆ. ಮೆಡುಲ್ಲಾ ಮುಗಿದು ಬೆನ್ನುಹುರಿ ಶುರುವಾಗುವ ಸಂಧಿಯಲ್ಲಿ ಇವುಗಳಲ್ಲಿ ನೂರಕ್ಕೆ 85ರಿಂದ 90ರಷ್ಟು ನಡುಗೆರೆಯನ್ನು ದಾಟಿ ಎದುರು ಪಕ್ಕಕ್ಕೆ ಹೋಗುತ್ತವೆ. ಇಲ್ಲಿ ಕೆಂಪು ಬಣ್ಣದಲ್ಲಿ ದಪ್ಪನೆಯ ಗುಣಿಸು ಚಿಹ್ನೆ ಹಾಕಿ.

ದಾಟಿದ ಮೇಲೆ ಗೆರೆ ಬೆನ್ನುಹುರಿಯ ಪಕ್ಕದ ಬಿಳಿದ್ರವ್ಯದಲ್ಲಿ (ತಂತುಗಳ ಕಟ್ಟುಗಳಿರುವ ಭಾಗದಲ್ಲಿ), ತುಸು ಹಿಂಬದಿಯಲ್ಲಿ ಇಳಿಯುತ್ತದೆ. ಕೈಯ ತಂತುಗಳು ಕುತ್ತಿಗೆಯ ಮಟ್ಟದಲ್ಲಿಯೇ ಒಳಕ್ಕೆ ತಿರುಗಿ ಬೂದುದ್ರವ್ಯದ ಮುಂಗೊಂಬಿನಲ್ಲಿರುವ ಚಲನಕೋಶಗಳನ್ನು, ನೇರವಾಗಿಯೋ ನಡುವಿನ ಕೋಶಗಳ ಮೂಲಕವೋ, ತಲುಪುತ್ತವೆ. ಆ ಕೋಶದಿಂದ ಹೊಸ ತಂತು ಹೊರಟು ಸ್ನಾಯುವಿಗೆ ಹೋಗುತ್ತದೆ. ಕಾಲಿನ ತಂತುಗಳನ್ನು ಸೊಂಟದ ಮಟ್ಟದವರೆಗೂ ಇಳಿಸಿ. ದಾಟದೆ ಉಳಿದ ಸ್ವಲ್ಪ ಪಾಲು ಬೆನ್ನುಹುರಿಯ ಮುಂಭಾಗದಲ್ಲಿ ಇಳಿದು ಮುಖ್ಯವಾಗಿ ಮುಂಡದ ಸ್ನಾಯುಗಳನ್ನು ನೋಡಿಕೊಳ್ಳುತ್ತದೆ. ಅದಕ್ಕೆ ತೆಳುವಾದ ಕೆಂಪು ಚುಕ್ಕೆಗೆರೆ ಸಾಕು.

ಈಗ ಗೆರೆಯನ್ನು ಎರಡು ತುಂಡಾಗಿ ನೋಡಿ. ಕಾರ್ಟೆಕ್ಸಿನಿಂದ ಮುಂಗೊಂಬಿನವರೆಗಿನದು ಮೇಲಿನ ಚಲನಕೋಶ, ಅಲ್ಲಿಂದ ಸ್ನಾಯುವಿನವರೆಗಿನದು ಕೆಳಗಿನ ಚಲನಕೋಶ. ಕೆಳಗಿನದು ಹಾಳಾದರೆ ಸ್ನಾಯು ಸಡಿಲವಾಗುತ್ತದೆ, ಸೊರಗುತ್ತದೆ, ಚರ್ಮದ ಕೆಳಗೆ ಮಿಸುಕುತ್ತದೆ, ರಿಫ್ಲೆಕ್ಸ್ (ತಟ್ಟಿದಾಗ ತಾನಾಗಿಯೇ ಆಗುವ ಚಲನೆ) ಇಲ್ಲವಾಗುತ್ತದೆ. ಮೇಲಿನದು ಹಾಳಾದರೆ ಬಿಗಿತ ಮತ್ತು ಚುರುಕಾದ ರಿಫ್ಲೆಕ್ಸ್‌ಗಳು ಬರುತ್ತವೆ. ಅಂಗಾಲಿನ ಹೊರಅಂಚನ್ನು ಕೀಲಿಕೈಯ ಮೊಂಡು ತುದಿಯಿಂದ ಹಿಮ್ಮಡಿಯಿಂದ ಮುಂದಕ್ಕೆ ಎಳೆದಾಗ ಹೆಬ್ಬೆರಳು ಮಡಚುವ ಬದಲು ಮೇಲಕ್ಕೆ ಏಳುತ್ತದೆ. ಈ ಕೊನೆಯ ಗುರುತನ್ನು ಬಾಬಿನ್‌ಸ್ಕಿ ಪ್ಯಾರಿಸ್ಸಿನಲ್ಲಿ 1896ರಲ್ಲಿ ವರದಿ ಮಾಡಿದರು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಖಚಿತ ಮಾಹಿತಿ ಕೊಡುವ ಪರೀಕ್ಷೆ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ. ಲಕ್ವ ಹೊಡೆದ ಮೊದಲ ದಿನಗಳಲ್ಲಿ ಮೇಲಿನ ಚಲನಕೋಶದ ಹಾನಿಯಿದ್ದರೂ ಕೈಕಾಲು ಸಡಿಲವಾಗಿಯೇ ಇರಬಹುದು, ಬಿಗಿತ ಬರಲು ಕಾಲ ಹಿಡಿಯುತ್ತದೆ ಎನ್ನುವ ಎಚ್ಚರ ಮಾತ್ರ ಬೇಕು. ಕೇಸರಿ ಬೇಳೆಯನ್ನು ತಿಂಗಳುಗಟ್ಟಲೆ ಮುಖ್ಯ ಆಹಾರವಾಗಿ ತಿಂದವರಲ್ಲಿ ಬರುವ ಕಾಲುಗಳ ಬಿಗಿತದಲ್ಲಿ ಹೆಚ್ಚುಕಡಿಮೆ ಕೆಂಪು ಗೆರೆಯೊಂದೇ ಹಾಳಾಗಿರುತ್ತದೆ. ಅಂಥವರು ಕತ್ತರಿಗಾಲು ಹಾಕಿ, ತುದಿಬೆರಳುಗಳ ಮೇಲೆ ನಡೆಯುತ್ತಾರೆ, ಆದರೆ ಮುಳ್ಳು ಚುಚ್ಚಿದ್ದು ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ.

ನೀಲಿ ಗೆರೆ: ಸ್ಪರ್ಶ, ಕಂಪನ, ಕೀಲಿನ ಅರಿವು

ಸಂವೇದನೆಯ ಮಾರ್ಗಗಳನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ನೀಲಿ ಪೆನ್ನನ್ನು ಬಲಗಾಲಿನ ಹೆಬ್ಬೆರಳಿನ ಮೇಲಿಟ್ಟು ಶುರುಮಾಡಿ. ಮೊದಲ ನರಕೋಶದ ಕಾಯ ಬೆನ್ನುಹುರಿಯ ಹೊರಗೆ, ಡಾರ್ಸಲ್ ರೂಟ್ ಗ್ಯಾಂಗ್ಲಿಯನ್ ಎಂಬ ನರಕೋಶಗಳ ಗಂಟಿನಲ್ಲಿದೆ. ಅದರ ತಂತು ಬೆನ್ನುಹುರಿಯನ್ನು ಹೊಕ್ಕು, ಎಲ್ಲಿಯೂ ನಿಲ್ಲದೆ, ದಾಟದೆ, ಅದೇ ಬಲ ಪಕ್ಕದ ಹಿಂಗಂಬದಲ್ಲಿ ನೇರವಾಗಿ ಮೆಡುಲ್ಲಾದವರೆಗೆ ಏರುತ್ತದೆ. ಹೆಬ್ಬೆರಳಿನಿಂದ ತಲೆಬುರುಡೆಯ ಬುಡದವರೆಗೆ ಒಂದೇ ಕೋಶ, ಒಂದೂವರೆ ಮೀಟರಿನಷ್ಟು ಉದ್ದ.

ಕಾಲಿನ ತಂತುಗಳು ಮೊದಲು ಸೇರುವುದರಿಂದ ನಡುಗೆರೆಯ ಪಕ್ಕದಲ್ಲಿ ಉಳಿಯುತ್ತವೆ, ಮೇಲೇರಿದಂತೆ ಮುಂಡದ ಮತ್ತು ಕೈಯ ತಂತುಗಳು ಹೊರಪಕ್ಕದಲ್ಲಿ ಸೇರುತ್ತ ಹೋಗುತ್ತವೆ. ಒಳಗಿನ ಪಟ್ಟಿ ಗ್ರಾಸಿಲಿಸ್, ಹೊರಗಿನದು ಕ್ಯೂನಿಯೇಟಸ್. ಎರಡನೆಯದು ಸುಮಾರು ಎದೆಯ ಆರನೆಯ ಖಂಡದಿಂದ (ಖಂಡ ಎಂದರೆ ಒಂದು ಜೊತೆ ನರಗಳು ಹೊರಡುವ ಬೆನ್ನುಹುರಿಯ ತುಂಡು) ಮೇಲೆ ಮಾತ್ರ ಕಾಣುತ್ತದೆ. ಸೊಂಟದ ಮಟ್ಟದ ಅಡ್ಡಸೀಳಿನಲ್ಲಿ ಅದನ್ನು ಬಿಡಿಸಿದ್ದರೆ ಅಳಿಸಿಬಿಡಿ.

ಮೆಡುಲ್ಲಾದ ಕೆಳಭಾಗದಲ್ಲಿ, ಹಿಂಬದಿಯಲ್ಲಿರುವ ಇದೇ ಹೆಸರಿನ ನ್ಯೂಕ್ಲಿಯಸ್‌ಗಳಲ್ಲಿ ಮೊದಲ ಕೋಶ ಮುಗಿದು ಎರಡನೆಯದು ಶುರುವಾಗುತ್ತದೆ. ಎರಡನೆಯ ಕೋಶದ ತಂತುಗಳು ಬಿಲ್ಲಿನಂತೆ ಬಾಗಿ ಮುಂದಕ್ಕೆ ಬಂದು ನಡುಗೆರೆಯನ್ನು ದಾಟುತ್ತವೆ. ಇಲ್ಲಿ ನೀಲಿ ಗುಣಿಸು ಚಿಹ್ನೆ ಹಾಕಿ. ಅದು ಕೆಂಪು ಗುಣಿಸು ಚಿಹ್ನೆಗಿಂತ ಸ್ವಲ್ಪವೇ ಮೇಲೆ ಬೀಳುತ್ತದೆ. ಮೆಡುಲ್ಲಾಕ್ಕೆ ಎರಡು ಮಟ್ಟ ಬೇಕೆಂದು ಹೇಳಿದ್ದು ಇದಕ್ಕಾಗಿ. ದಾಟಿದ ಮೇಲೆ ಈ ಕಟ್ಟಿಗೆ ಮೀಡಿಯಲ್ ಲೆಮ್ನಿಸ್ಕಸ್ ಎಂದು ಹೆಸರು. ಮೆಡುಲ್ಲಾದಲ್ಲಿ ಅದು ನಡುಗೆರೆಗೆ ಅಂಟಿಕೊಂಡು ನಿಂತಿರುತ್ತದೆ, ಪಾನ್ಸ್‌ನಲ್ಲಿ ಅಡ್ಡಲಾಗಿ ಮಲಗುತ್ತದೆ, ಮಿಡ್‌ಬ್ರೈನ್‌ನಲ್ಲಿ ಹೊರಪಕ್ಕಕ್ಕೆ ಸರಿಯುತ್ತದೆ. ಕೊನೆಗೆ ಥಲಾಮಸಿನ ವಿಪಿಎಲ್ (ವೆಂಟ್ರಲ್ ಪೋಸ್ಟೀರಿಯರ್ ಲ್ಯಾಟರಲ್) ನ್ಯೂಕ್ಲಿಯಸ್ಸನ್ನು ತಲುಪಿ, ಅಲ್ಲಿಂದ ಮೂರನೆಯ ಕೋಶ ಇಂಟರ್ನಲ್ ಕ್ಯಾಪ್ಸೂಲಿನ ಮೂಲಕ ಎಡ ಅರ್ಧಗೋಳದ ಕ್ಷೇತ್ರ 3, 1, 2ರ ಒಳಮೈಗೆ, ಅಂದರೆ ಕಾಲಿನ ನಕ್ಷೆಗೆ, ಸಂದೇಶ ಒಯ್ಯುತ್ತದೆ.

ಈ ಮಾರ್ಗವನ್ನು ಪರೀಕ್ಷಿಸಲು 128 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಕಾಲಿನ ಹೆಬ್ಬೆರಳಿನ ಮೂಳೆಯ ಮೇಲಿಡುತ್ತಾರೆ, ಮತ್ತು ರೋಗಿ ಕಣ್ಣು ಮುಚ್ಚಿರುವಾಗ ಹೆಬ್ಬೆರಳನ್ನು ಪಕ್ಕಗಳಿಂದ ಹಿಡಿದು ತುಸು ಮೇಲೆ ಅಥವಾ ಕೆಳಗೆ ಸರಿಸಿ ಯಾವ ಕಡೆಗೆ ಸರಿಯಿತೆಂದು ಕೇಳುತ್ತಾರೆ. ಮೇಲಿನಿಂದ ಮತ್ತು ಕೆಳಗಿನಿಂದ ಹಿಡಿಯಬಾರದು. ಬೆರಳಿನ ಒತ್ತಡದಿಂದಲೇ ರೋಗಿಗೆ ಉತ್ತರ ಸಿಕ್ಕಿಬಿಡುತ್ತದೆ. ನಮ್ಮ ಕಡೆ ಇದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ: ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿ ಹೋಗುತ್ತದೆಯೇ? ಹೋದರೆ, ಜಾರಿದ್ದು ಗೊತ್ತಾಗುತ್ತದೆಯೇ? ಜಾರಿದ್ದು ಗೊತ್ತಾದರೂ ಹಿಡಿದಿಟ್ಟುಕೊಳ್ಳಲು ಆಗುತ್ತಿಲ್ಲ ಎಂದರೆ ಪಾದದ ಬಲ ಕುಂದಿದೆ, ಕೆಂಪು ಗೆರೆಯನ್ನು ಅಥವಾ ಕೆಳಗಿನ ಚಲನಕೋಶವನ್ನು ನೋಡಬೇಕು. ಹತ್ತು ಹೆಜ್ಜೆ ಹೋದ ಮೇಲೆ ಬೇರೆಯವರು ಕರೆದು ಹೇಳಿದಾಗಲೇ ಗೊತ್ತಾಯಿತು ಎಂದರೆ ಪಾದದ ಸಂವೇದನೆ ಹೋಗಿದೆ, ನೀಲಿ ಗೆರೆಯನ್ನು ಅಥವಾ ಪಾದದ ನರಗಳನ್ನು ನೋಡಬೇಕು. ಬಚ್ಚಲಿನಲ್ಲಿ ನಿಂತು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ತೂರಾಡುವುದು, ಬೆಳಕಿದ್ದಾಗ ಸರಿಯಾಗಿ ನಡೆಯುವವರು ಕತ್ತಲೆಯಲ್ಲಿ ಗೋಡೆ ಹಿಡಿಯುವುದು ಇದೇ ದೋಷದ ಮಾತುಗಳು. ಪಾದಗಳು ಎಲ್ಲಿವೆ ಎಂಬುದನ್ನು ಕೀಲುಗಳು ಹೇಳದೆ ಹೋದಾಗ ಕಣ್ಣು ಆ ಕೆಲಸ ಮಾಡುತ್ತಿರುತ್ತದೆ.

ಹಸಿರು ಗೆರೆ: ನೋವು ಮತ್ತು ಬಿಸಿ-ತಂಪು

ಹಸಿರು ಪೆನ್ನನ್ನೂ ಅದೇ ಬಲಗಾಲಿನ ಹೆಬ್ಬೆರಳಿನಿಂದ ಹೊರಡಿಸಿ. ಮೊದಲ ಕೋಶ ಇಲ್ಲಿಯೂ ಗ್ಯಾಂಗ್ಲಿಯನ್ನಿನಲ್ಲಿಯೇ ಇದೆ, ಆದರೆ ತಂತುಗಳು ಸಣ್ಣವು ಮತ್ತು ನಿಧಾನ. ಸ್ಪರ್ಶದ ದಪ್ಪ ತಂತುಗಳಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 35ರಿಂದ 75 ಮೀಟರ್ ವೇಗದಲ್ಲಿ ಸಾಗಿದರೆ, ಮಂದನೋವನ್ನು ಒಯ್ಯುವ ತೆಳು ತಂತುಗಳಲ್ಲಿ ಅದು ಸೆಕೆಂಡಿಗೆ ಎರಡು ಮೀಟರನ್ನೂ ಮೀರುವುದು ವಿರಳ. ಕಾಲ್ಬೆರಳನ್ನು ಹೊಸ್ತಿಲಿಗೆ ಎಡವಿದಾಗ ತಾಗಿದ್ದು ಮೊದಲು ತಿಳಿದು, ಉರಿಯುವ ನೋವು ಕ್ಷಣ ತಡೆದು ಏರುವುದು ಈ ವೇಗದ ಅಂತರದಿಂದ.

ಬೆನ್ನುಹುರಿಯನ್ನು ಹೊಕ್ಕ ತಂತು ಒಂದೆರಡು ಖಂಡಗಳಷ್ಟು ಮೇಲೆ ಕೆಳಗೆ ಸರಿದು, ಬೂದುದ್ರವ್ಯದ ಹಿಂಗೊಂಬಿನಲ್ಲಿ ಎರಡನೆಯ ಕೋಶಕ್ಕೆ ಸಂದೇಶ ಕೊಡುತ್ತದೆ. ಆ ಎರಡನೆಯ ತಂತು ಅಲ್ಲಿಯೇ, ಬೆನ್ನುಹುರಿಯ ನಡುಗಾಲುವೆಯ ಮುಂದಿನಿಂದ, ಎದುರು ಪಕ್ಕಕ್ಕೆ ದಾಟಿ, ಮುಂಪಕ್ಕದ ಬಿಳಿದ್ರವ್ಯದಲ್ಲಿ ಥಲಾಮಸಿನವರೆಗೆ ಏರುತ್ತದೆ. ಇದು ಸ್ಪೈನೋಥಲಾಮಿಕ್ ಮಾರ್ಗ. ಇಲ್ಲಿ ಒಂದೇ ಗುಣಿಸು ಚಿಹ್ನೆ ಸಾಲದು. ಬೆನ್ನುಹುರಿಯ ಪ್ರತಿ ಮಟ್ಟದಲ್ಲಿಯೂ ಸಣ್ಣ ಹಸಿರು ಚಿಹ್ನೆ ಹಾಕುತ್ತ ಹೋಗಬೇಕು. ಮೇಲೇರಿದಂತೆ ಹೊಸದಾಗಿ ದಾಟಿ ಬರುವ ತಂತುಗಳು ಒಳಪಕ್ಕದಿಂದ ಸೇರುವುದರಿಂದ, ಕಾಲಿನ ಮತ್ತು ಗುದಪ್ರದೇಶದ ತಂತುಗಳು ಹೊರಅಂಚಿಗೆ ಸರಿಯುತ್ತವೆ. ಬೆನ್ನುಹುರಿಯ ಒಳಗಿನಿಂದ ಬೆಳೆಯುವ ಗಡ್ಡೆಯಲ್ಲಿ ಗುದದ ಸುತ್ತಲಿನ ಸಂವೇದನೆ ಕೊನೆಯವರೆಗೂ ಉಳಿಯಬಹುದಾದದ್ದು ಇದರಿಂದಲೇ.

ಮುಖವನ್ನು ಈ ಹಾಳೆಯಲ್ಲಿ ಬೇರೆಯಾಗಿ ಸೇರಿಸಬೇಕಾಗುತ್ತದೆ. ಮುಖದ ಸಂವೇದನೆ ಐದನೆಯ ಕಪಾಲನರದ ಮೂಲಕ ಪಾನ್ಸನ್ನು ಹೊಗುತ್ತದೆ. ಸ್ಪರ್ಶದ ತಂತುಗಳು ಅಲ್ಲಿಯೇ ನಿಂತರೆ, ನೋವಿನ ತಂತುಗಳು ದಾಟುವ ಮೊದಲು ಅದೇ ಪಕ್ಕದಲ್ಲಿ ಮೆಡುಲ್ಲಾದೊಳಗೆ ಕೆಳಕ್ಕೆ ಇಳಿದು, ಆಮೇಲೆ ದಾಟಿ ಮೇಲೇರುತ್ತವೆ. ಚಲನೆಯ ವಿಷಯದಲ್ಲಿ, ಹಣೆಯ ಸ್ನಾಯುಗಳಿಗೆ ಎರಡೂ ಅರ್ಧಗೋಳಗಳಿಂದ ಆಜ್ಞೆ ಬರುತ್ತದೆ, ಬಾಯಿಯ ಸುತ್ತಲಿನವಕ್ಕೆ ಮುಖ್ಯವಾಗಿ ಎದುರು ಪಕ್ಕದಿಂದ. ಹೀಗಾಗಿ ಬಾಯಿ ಸೊಟ್ಟಗಾದರೂ ಎರಡೂ ಹುಬ್ಬು ಏರಿಸಬಲ್ಲವರಿಗೆ ತೊಂದರೆ ಮಿದುಳಿನಲ್ಲಿದೆ ಎಂದು ಶಂಕಿಸಬೇಕು. ಹಣೆಯೂ ಸೋತು ಕಣ್ಣೂ ಮುಚ್ಚದಿದ್ದರೆ ಮುಖದ ನರದಲ್ಲಿ. ಬಾಯಿ ಹಠಾತ್ತನೆ ಸೊಟ್ಟಗಾದಾಗ, ಕೈಕಾಲು ಸೋತಾಗ ಅಥವಾ ಮಾತು ತೊದಲಿದಾಗ ಈ ವಿಂಗಡಣೆಗೆ ಕುಳಿತುಕೊಳ್ಳುವಂತಿಲ್ಲ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ರಕ್ತದ ಹೆಪ್ಪನ್ನು ಕರಗಿಸುವ ಔಷಧಿ ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ.

ಹಾಳೆಯನ್ನು ಓದುವುದು

ಮೂರು ಬಣ್ಣಗಳೂ ತುಂಬಿದ ಮೇಲೆ ಒಂದು ಸ್ಕೇಲನ್ನು ಹಾಳೆಯ ಮೇಲೆ ಎಲ್ಲಾದರೂ ಅಡ್ಡಲಾಗಿ, ನಡುಗೆರೆಯ ಒಂದೇ ಪಕ್ಕಕ್ಕೆ ಬರುವಂತೆ ಇಟ್ಟು, ಕತ್ತರಿಸಿದಂತೆ ಭಾವಿಸಿ. ಯಾವ ಗೆರೆಗಳು ತುಂಡಾದವು, ಅವು ದಾಟುವ ಜಾಗ ಸ್ಕೇಲಿನ ಮೇಲಿದೆಯೋ ಕೆಳಗಿದೆಯೋ ನೋಡಿ ಉತ್ತರ ಬರೆಯಿರಿ.

ಮೊದಲು ಎದೆಯ ಎಂಟನೆಯ ಖಂಡದ ಬಲ ಅರ್ಧವನ್ನು ಕತ್ತರಿಸಿ. ಕೆಂಪು ಗೆರೆ ಮೇಲೆಯೇ ದಾಟಿ ಬಂದಿದೆ, ಆದ್ದರಿಂದ ಬಲಗಾಲು ಸೋಲುತ್ತದೆ. ನೀಲಿ ಗೆರೆ ಇನ್ನೂ ದಾಟಿಲ್ಲ, ಆದ್ದರಿಂದ ಬಲಗಾಲಿನ ಕಂಪನ ಮತ್ತು ಕೀಲಿನ ಅರಿವು ಹೋಗುತ್ತದೆ. ಬಲ ಪಕ್ಕದಲ್ಲಿ ಏರುತ್ತಿರುವ ಹಸಿರು ಗೆರೆ ಎಡಗಾಲಿನಿಂದ ದಾಟಿ ಬಂದದ್ದು, ಆದ್ದರಿಂದ ಎಡಗಾಲಿಗೆ ಸೂಜಿ ಚುಚ್ಚಿದರೂ ನೋವಾಗುವುದಿಲ್ಲ, ಬಿಸಿ-ತಂಪು ತಿಳಿಯುವುದಿಲ್ಲ. ಆ ನಷ್ಟ ಕತ್ತರಿಸಿದ ಜಾಗಕ್ಕಿಂತ ಒಂದೆರಡು ಖಂಡ ಕೆಳಗಿನಿಂದ ಶುರುವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೌನ್-ಸೆಕ್ವಾರ್ಡ್ ವಿವರಿಸಿದ ಈ ಚಿತ್ರವನ್ನು ಪುಸ್ತಕ ನೋಡದೆ ಹಾಳೆಯಿಂದಲೇ ಬರೆಯಲು ಸಾಧ್ಯವಾದರೆ ನಿಮ್ಮ ಗುಣಿಸು ಚಿಹ್ನೆಗಳು ಸರಿಯಾದ ಜಾಗದಲ್ಲಿವೆ ಎಂದು ತಿಳಿಯಬಹುದು.

ಮಟ್ಟವನ್ನು ಹೇಳುವಾಗ ಬೆನ್ನುಹುರಿಯ ಖಂಡವನ್ನೂ ಬೆನ್ನುಮೂಳೆಯ ಕಶೇರುಕವನ್ನೂ ಒಂದೇ ಎಂದು ತಿಳಿಯಬಾರದು. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲ ಅಥವಾ ಎರಡನೆಯ ಕಶೇರುಕದ ಹತ್ತಿರವೇ ಮುಗಿಯುತ್ತದೆ. ಹೊಕ್ಕುಳಿನ ಚರ್ಮ ಎದೆಯ ಹತ್ತನೆಯ ಖಂಡಕ್ಕೆ ಸೇರಿದ್ದು. ಹೊಕ್ಕುಳಿನ ಕೆಳಗೆ ಸಂವೇದನೆಯಿಲ್ಲ, ಎರಡೂ ಕಾಲು ಬಿಗಿದು ಸೋತಿವೆ, ಬೆನ್ನಿನಲ್ಲಿ ನೋವಿದೆ, ಸಂಜೆ ಜ್ವರ ಬರುತ್ತದೆ ಎನ್ನುವ ರೋಗಿಯಲ್ಲಿ ಬೆನ್ನುಮೂಳೆಯ ಕ್ಷಯವನ್ನು ಶಂಕಿಸಿ ಚಿತ್ರ ತೆಗೆಸುವಾಗ, ಹುಡುಕಬೇಕಾದದ್ದು ಎದೆಯ ಏಳನೆಯ ಕಶೇರುಕದ ಆಸುಪಾಸಿನಲ್ಲಿ. ಸೊಂಟದ ಚಿತ್ರ ಮಾತ್ರ ತೆಗೆಸಿ ಎಲ್ಲವೂ ಸರಿಯಿದೆ ಎಂದು ಕಳಿಸುವುದು ಈ ಲೆಕ್ಕ ತಪ್ಪಿದಾಗ ಆಗುವ ಅನಾಹುತ.

ಈಗ ಸ್ಕೇಲನ್ನು ಬಿಟ್ಟು, ಕುತ್ತಿಗೆಯ ಮಟ್ಟದ ಬೆನ್ನುಹುರಿಯ ನಟ್ಟನಡುವೆ ಪೆನ್ಸಿಲಿನಿಂದ ಒಂದು ಗುಳಿ ಬಿಡಿಸಿ. ಅಲ್ಲಿ ತುಂಡಾಗುವುದು ದಾಟುತ್ತಿರುವ ಹಸಿರು ತಂತುಗಳು ಮಾತ್ರ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಬೊಬ್ಬೆ ಎದ್ದ ಮೇಲೆ ನೋಡಿ ತಿಳಿದೆ ಎನ್ನುವ, ಆದರೆ ಕಣ್ಣು ಮುಚ್ಚಿ ಕೈಗೆ ಕೊಟ್ಟ ನಾಣ್ಯವನ್ನು ಸರಿಯಾಗಿ ಗುರುತಿಸುವ ರೋಗಿಯಲ್ಲಿ ಇಂಥ ಗುಳಿ ಇರಬಹುದು. ಸಿರಿಂಗೋಮೈಲಿಯಾ ಎಂದು ಅದರ ಹೆಸರು. ಇದಕ್ಕೆ ವಿರುದ್ಧವಾದದ್ದು ವಿಟಮಿನ್ ಬಿ12 ಕೊರತೆ. ಹಾಲು-ಮೊಸರನ್ನೂ ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ ಮತ್ತು ಹೀರಿಕೆಯ ದೋಷವಿರುವವರಲ್ಲಿ ಕಾಣುವ ಈ ಕೊರತೆ ಎರಡೂ ಪಕ್ಕದ ನೀಲಿ ಮತ್ತು ಕೆಂಪು ಗೆರೆಗಳನ್ನು ಹಾಳುಮಾಡಿ ಹಸಿರನ್ನು ಬಹುಮಟ್ಟಿಗೆ ಬಿಡುತ್ತದೆ. ಪಾದದ ನರಗಳೂ ಜೊತೆಗೆ ಕೆಡಬಹುದಾದ್ದರಿಂದ ಹಿಮ್ಮಡಿಯ ರಿಫ್ಲೆಕ್ಸ್ ಇಲ್ಲದೆಯೂ ಹೆಬ್ಬೆರಳು ಮೇಲೇಳುವ ವಿಚಿತ್ರ ಸಂಯೋಗ ಕಾಣಬಹುದು. ಕಾರಣವನ್ನು ಬೇಗ ಕಂಡುಹಿಡಿದು ಚುಚ್ಚುಮದ್ದು ಕೊಟ್ಟರೆ ಬಹಳಷ್ಟು ಸುಧಾರಿಸುವ ರೋಗವಿದು, ತಡವಾದರೆ ಉಳಿದುಬಿಡುತ್ತದೆ.

ಮಿದುಳುಕಾಂಡದಲ್ಲಿ ಹಾನಿಯಾದರೆ ಕಪಾಲನರದ ದೋಷ ಅದೇ ಪಕ್ಕದಲ್ಲಿ, ಕೈಕಾಲಿನ ದೋಷ ಎದುರು ಪಕ್ಕದಲ್ಲಿ ಬರುತ್ತದೆ. ಮಿಡ್‌ಬ್ರೈನ್‌ನ ಎಡ ಮುಂಭಾಗ ಹಾಳಾದರೆ ಎಡ ಕಣ್ಣಿನ ರೆಪ್ಪೆ ಜೋತುಬಿದ್ದು ಬಲ ಕೈಕಾಲು ಸೋಲುತ್ತವೆ. ವಾಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಮೆಡುಲ್ಲಾದ ಹೊರಪಕ್ಕದ ಹಾನಿ ಇನ್ನೂ ಸ್ವಾರಸ್ಯದ್ದು: ಎಡ ಪಕ್ಕದಲ್ಲಾದರೆ ಎಡ ಮುಖದ ನೋವಿನ ಅರಿವೂ ಬಲ ಕೈಕಾಲು ಮತ್ತು ಮುಂಡದ ನೋವಿನ ಅರಿವೂ ಹೋಗುತ್ತವೆ, ದನಿ ಒಡೆಯುತ್ತದೆ, ನುಂಗಲು ಕಷ್ಟವಾಗುತ್ತದೆ, ಆದರೆ ಕೈಕಾಲಿನ ಬಲ ಹೋಗುವುದಿಲ್ಲ. ಬಲ ಏಕೆ ಉಳಿಯಿತು ಎಂದು ಹಾಳೆಯನ್ನೇ ಕೇಳಿ. ಕೆಂಪು ಪಿರಮಿಡ್ಡು ಮುಂಭಾಗದಲ್ಲಿ ನಡುಗೆರೆಯ ಪಕ್ಕದಲ್ಲಿದೆ, ಹಾನಿಯಾದದ್ದು ಹೊರಪಕ್ಕದಲ್ಲಿ.

ಹಾಳೆಯ ಮೇಲ್ತುದಿಯಲ್ಲಿ ಒಂದು ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ಥಲಾಮಸ್ ಕೆಟ್ಟರೆ ಎದುರು ಪಕ್ಕದ ಎಲ್ಲ ಬಗೆಯ ಸಂವೇದನೆಯೂ ಕೆಡುತ್ತದೆ. ಸಂವೇದನೆಯ ಕಾರ್ಟೆಕ್ಸ್ ಮಾತ್ರ ಕೆಟ್ಟರೆ ಸೂಜಿಯ ನೋವು, ಹತ್ತಿಯ ಸ್ಪರ್ಶ ಸಾಕಷ್ಟು ಉಳಿದಿದ್ದು, ಅಂಗೈಯಲ್ಲಿ ಬರೆದ ಅಂಕಿ ಯಾವುದು, ಹಿಡಿದ ವಸ್ತು ಕೀಲಿಕೈಯೋ ಪೆನ್ನೋ ಎಂದು ಹೇಳಲು ಬಾರದೆ ಹೋಗುತ್ತದೆ.

ಈ ಮೂರು ಗೆರೆಗಳು ನೋಡದೆ ಬರುವಂತಾದ ಮೇಲೆ ಅದೇ ಹಾಳೆಯಲ್ಲಿ ನಾಲ್ಕನೆಯ ಬಣ್ಣದಿಂದ ಕಿರುಮಿದುಳಿನ ಹೊರಮಾರ್ಗವನ್ನು ಸೇರಿಸಬಹುದು. ಅದು ಮಿಡ್‌ಬ್ರೈನ್‌ನಲ್ಲಿ ಒಮ್ಮೆ ದಾಟಿ, ಥಲಾಮಸಿನ ಮೂಲಕ ಎದುರು ಪಕ್ಕದ ಚಲನಕ್ಷೇತ್ರವನ್ನು ಸೇರುತ್ತದೆ; ಅಲ್ಲಿಂದ ಹೊರಡುವ ಕೆಂಪು ಗೆರೆ ಮೆಡುಲ್ಲಾದ ಕೆಳಗೆ ಮತ್ತೆ ದಾಟುತ್ತದೆ. ಎರಡು ಸಲ ದಾಟಿದ್ದರಿಂದ ಕಿರುಮಿದುಳಿನ ಬಲ ಅರ್ಧ ಕೆಟ್ಟಾಗ ಲೋಟ ಹಿಡಿಯಲು ಹೋಗಿ ಗುರಿ ತಪ್ಪುವುದು ಬಲಗೈಯೇ.